ಮೊದಲು ಹೊಟ್ಟೆ, ಆಮೇಲೆ ಬಟ್ಟೆ: ಸೋಫಾ ದಿಂಬುಗಳನ್ನು ಮನೆಯಲ್ಲೇ ಮಾಡಿಕೊಳ್ಳುವವರಿಗೆ ಒಂದು ಹೋಲಿಕೆ

ಸೋಫಾದ ಮೇಲಿಡುವ ದಿಂಬುಗಳನ್ನು ಮನೆಯಲ್ಲೇ ಹೊಲಿದುಕೊಳ್ಳಬೇಕೆಂದು ಹೊರಟವರು ಮೊದಲು ಕೇಳುವುದು ಬಟ್ಟೆಯ ವಿಚಾರವನ್ನೇ. ಅಮ್ಮನ ಇಳಕಲ್ ಸೀರೆಯನ್ನು ಕತ್ತರಿಸಬಹುದೇ, ಗುಳೇದಗುಡ್ಡದ ಖಣ ತರಿಸಿದರೆ ಚೆನ್ನಾಗಿರುತ್ತದೆಯೇ, ಕಟ್ ಪೀಸ್ ಅಂಗಡಿಯಲ್ಲಿ ಅಗ್ಗಕ್ಕೆ ಏನು ಸಿಗುತ್ತದೆ, ಮಗನಿಗೆ ಗಿಡ್ಡವಾದ ಜೀನ್ಸ್ ಪ್ಯಾಂಟುಗಳನ್ನು ಏನು ಮಾಡುವುದು ಎಂದು ಒಂದರ ಹಿಂದೆ ಒಂದು ಪ್ರಶ್ನೆ ಬರುತ್ತವೆ. ಒಳಗೆ ಏನು ತುಂಬುತ್ತೀರಿ ಎಂದು ತಿರುಗಿ ಕೇಳಿದರೆ ಮಾತ್ರ ಅರೆಕ್ಷಣ ಮೌನ, ಆಮೇಲೆ "ಏನೋ ಒಂದಿಷ್ಟು ಹತ್ತಿ ತುಂಬಿದರಾಯಿತು" ಎಂಬ ಉತ್ತರ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ದಿಂಬಿನ ವಿಷಯದಲ್ಲಿ ಅಕ್ಷರಶಃ ನಿಜವಾಗುವುದು ಇಲ್ಲಿಯೇ.

ನಾನೂ ಮೊದಲ ಸಲ ಮಾಡಿದ್ದು ಅದನ್ನೇ. ಹಳೆಯ ನೂಲಿನ ಸೀರೆಯೊಂದರ ದಡಿ ಚೆನ್ನಾಗಿದೆಯೆಂದು ಅದರಲ್ಲಿ ನಾಲ್ಕು ಗವಸು ಹೊಲಿದು, ಊರಿನಿಂದ ತಂದ ಬೂರುಗದ ಹತ್ತಿಯನ್ನು ನೇರವಾಗಿ ಅದರೊಳಗೇ ತುಂಬಿ, ಬಾಯನ್ನು ಕೈಯಿಂದ ಹೊಲಿದು ಮುಚ್ಚಿಬಿಟ್ಟಿದ್ದೆ. ಸೀರೆಯ ನೇಯ್ಗೆ ತೆಳು, ಬೂರುಗದ ಎಳೆ ಅದಕ್ಕಿಂತ ನವಿರು. ವಾರದೊಳಗೆ, ದಿಂಬಿಗೆ ಒರಗಿ ಎದ್ದ ನೆಂಟರ ಕಪ್ಪು ಪ್ಯಾಂಟಿನ ತುಂಬ ಬೆಕ್ಕಿನ ಕೂದಲಿನಂತೆ ಬಿಳಿ ಎಳೆಗಳು ಅಂಟಿಕೊಂಡಿದ್ದವು. ಅದರ ಮೇಲೆ ಒಂದು ದಿನ ಕಾಫಿ ಚೆಲ್ಲಿತು. ಗವಸನ್ನು ಬಿಚ್ಚುವಂತಿಲ್ಲ, ಇಡೀ ದಿಂಬನ್ನು ಒಗೆಯುವಂತಿಲ್ಲ. ಹೊಲಿಗೆ ಬಿಚ್ಚಿದಾಗ ಹಾರಿದ ಹತ್ತಿ ಫ್ಯಾನಿನ ರೆಕ್ಕೆಯ ಮೇಲೆ ಎಷ್ಟೋ ದಿನ ಉಳಿದಿತ್ತು. ಈ ಬರಹದ ಕ್ರಮ ಹುಟ್ಟಿದ್ದು ಆ ಅನುಭವದಿಂದ: ಮೊದಲು ಹೂರಣ, ಆಮೇಲೆ ಬಟ್ಟೆ, ಆಮೇಲೆ ಗವಸಿನ ಬಾಯಿ, ಕೊನೆಗೆ ಅಲಂಕಾರ.

ತೂಗಿ ನೋಡಬೇಕಾದ ಅಂಶಗಳು

ಯಾವ ಆಯ್ಕೆಯನ್ನಾದರೂ ನಾಲ್ಕು ಪ್ರಶ್ನೆಗಳಿಗೆ ಒಡ್ಡಿ ನೋಡಬೇಕು. ಮೊದಲನೆಯದು, ದಿಂಬು ನೋಡುವುದಕ್ಕೋ ಒರಗುವುದಕ್ಕೋ ಎಂಬುದು. ನೋಡಲು ಮಾತ್ರ ಇಟ್ಟ ದಿಂಬಿಗೆ ಜರಿ ಚುಚ್ಚಿದರೂ ನಡೆದೀತು. ಮಧ್ಯಾಹ್ನ ಅಜ್ಜ ತಲೆಗೆ ಇಟ್ಟುಕೊಂಡು ಮಲಗುವ ದಿಂಬಿಗೆ ಅದು ನಡೆಯದು. ಎರಡನೆಯದು ಒಗೆತ. ಮನೆಯಲ್ಲಿ ಚಿಕ್ಕ ಮಕ್ಕಳೋ ನಾಯಿಯೋ ಇದ್ದರೆ ಗವಸು ತಿಂಗಳಿಗೆ ಎರಡು ಸಲ ಒಗೆತಕ್ಕೆ ಬೀಳುತ್ತದೆ. ಹಾಗಾಗಿ ಬಣ್ಣ ಬಿಡುವ ಬಟ್ಟೆ, ಒಣಗದ ಹೂರಣ ಎರಡೂ ಅಲ್ಲಿ ದಂಡ. ಮೂರನೆಯದು ನಿಮ್ಮ ಊರಿನ ಹವೆ. ಆಗುಂಬೆ ಸುತ್ತಿನ ಮಳೆಯಲ್ಲೂ ಮಂಗಳೂರಿನ ತೇವದಲ್ಲೂ ಮುಗ್ಗಲು ಹಿಡಿಯುವ ಹತ್ತಿ, ವಿಜಯಪುರದ ಒಣ ಬಿಸಿಲಿನಲ್ಲಿ ವರ್ಷಗಟ್ಟಲೆ ಬಾಳುತ್ತದೆ. ನಾಲ್ಕನೆಯದು ಕೈಯಲ್ಲಿರುವ ಸೌಕರ್ಯ, ಅಂದರೆ ಮನೆಯಲ್ಲಿ ಹೊಲಿಗೆ ಯಂತ್ರ ಇದೆಯೇ, ಜಿಪ್ ಕೂರಿಸಲು ಬರುತ್ತದೆಯೇ, ಅಥವಾ ಕೈ ಹೊಲಿಗೆಯೊಂದೇ ಗತಿಯೇ ಎಂಬುದು.

ಹಣದ ಲೆಕ್ಕ ಈ ನಾಲ್ಕರ ಜತೆಗೇ ಬರಬೇಕು. ಒಂದು ಗವಸಿಗೆ ಎಷ್ಟು ಬಿತ್ತು ಎಂದು ನೋಡುವುದಕ್ಕಿಂತ, ಐದು ದಿಂಬಿಗೆ ಹೂರಣ, ಒಳಚೀಲ, ದಾರ, ಜಿಪ್, ಕೂಲಿ ಎಲ್ಲ ಸೇರಿ ಎಷ್ಟಾಯಿತು ಎಂದು ನೋಡಿದರೆ ನಿಜವಾದ ಚಿತ್ರ ಸಿಗುತ್ತದೆ. ಈ ಬರಹದಲ್ಲಿ ಎಲ್ಲ ಲೆಕ್ಕವನ್ನೂ 16 ಇಂಚು ಚೌಕದ ದಿಂಬಿಗೆ ಹಿಡಿದಿದ್ದೇನೆ. ನಮ್ಮ ಅಂಗಡಿಗಳಲ್ಲಿ ಹೆಚ್ಚು ಸಿಗುವ ಅಳತೆ ಅದು, ಸಾಧಾರಣ ಸೋಫಾಕ್ಕೆ ಒಪ್ಪುವುದೂ ಅದೇ. 12 ಇಂಚಿನದು ಮುಂದಿನ ಸಾಲಿಗೆ ಚೆಂದ. 20 ಇಂಚಿನದು ದಿವಾನಕ್ಕೆ ಸರಿ, ಮೂರು ಜನ ಕೂರುವ ಸಣ್ಣ ಸೋಫಾದಲ್ಲಿ ಅದು ಇಬ್ಬರ ಜಾಗವನ್ನೇ ನುಂಗುತ್ತದೆ.

ಹೂರಣ

ಹತ್ತಿಯಿಂದಲೇ ಶುರು ಮಾಡೋಣ, ಏಕೆಂದರೆ ನಮ್ಮ ಮನೆಗಳಿಗೆ ಹಳೆಯ ಪರಿಚಯ ಅದರದು. ಮನೆಯಲ್ಲಿ ಚಪ್ಪಟೆಯಾದ ಹಳೆಯ ತಲೆದಿಂಬುಗಳೋ ಗಾದಿಯೋ ಇದ್ದರೆ, ಹತ್ತಿ ಹಿಂಜುವವರ ಬಳಿ ಕೊಟ್ಟು ಮತ್ತೆ ಹಿಂಜಿಸಿದರೆ ಹೂರಣದ ಖರ್ಚು ಕೂಲಿಗೆ ಮುಗಿಯುತ್ತದೆ. ಹತ್ತಿ ಬೆವರನ್ನು ಹೀರುತ್ತದೆ, ಬೇಸಿಗೆಯಲ್ಲಿ ಬೆನ್ನಿಗೆ ಬಿಸಿ ಮಾಡುವುದಿಲ್ಲ, ಒರಗಿದಾಗ ಗಟ್ಟಿ ಆಸರೆ ಕೊಡುತ್ತದೆ. ಇದರ ಕೊರತೆಯೆಂದರೆ ಗಂಟು ಕಟ್ಟುವುದು ಮತ್ತು ಭಾರ. ಅದೇ ಅಳತೆಯ ದಿಂಬಿಗೆ ಫೈಬರಿಗಿಂತ ಹತ್ತಿ ಹೆಚ್ಚು ತೂಕ ಬೇಡುತ್ತದೆ, ಆರೆಂಟು ತಿಂಗಳಲ್ಲಿ ನಡು ತಗ್ಗಿ ಕೂರುತ್ತದೆ, ಆಮೇಲೆ ಬಿಸಿಲಿಗೆ ಹಾಕಿ ಕೋಲಿನಲ್ಲಿ ಬಡಿಯಬೇಕು. ಬಿಸಿಲು ಬೀಳುವ ತಾರಸಿ ಇದ್ದವರಿಗೆ ಇದು ಕೆಲಸವೇ ಅಲ್ಲ. ಬೆಂಗಳೂರಿನ ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ, ಬಾಲ್ಕನಿಗೆ ಅರ್ಧ ಗಂಟೆ ಬಿಸಿಲು ಬಂದರೆ ಹೆಚ್ಚು ಎನ್ನುವವರಿಗೆ ಹತ್ತಿ ತಲೆನೋವೇ.

ಬೂರುಗದ ಹತ್ತಿಯನ್ನು ಇದರೊಂದಿಗೆ ಸೇರಿಸಿ ನೋಡಬಾರದು. ಬೇಸಿಗೆಯಲ್ಲಿ ಕಾಯಿ ಒಡೆದು ಗಾಳಿಗೆ ತೇಲುವ ಆ ಎಳೆಗೆ ಮೇಣದಂಥ ಹೊದಿಕೆ ಇರುವುದರಿಂದ ನೀರು ಬೇಗ ಹಿಡಿಯುವುದಿಲ್ಲ. ತೂಕವಂತೂ ಇಲ್ಲವೇ ಇಲ್ಲ ಎನ್ನುವಷ್ಟು ಹಗುರ. ಮಲೆನಾಡಿನಲ್ಲಿ ಮನೆಯ ಹಿಂದೆ ಮರವಿದ್ದವರಿಗೆ ಇದು ಬಿಟ್ಟಿ, ಮತ್ತು ಇದಕ್ಕಿಂತ ಮೆತ್ತನೆಯ ಹೂರಣವನ್ನು ನಾನು ಮುಟ್ಟಿಲ್ಲ. ಆದರೆ ಬೀಜವನ್ನು ಒಂದೊಂದಾಗಿ ಬಿಡಿಸುವ ತಾಳ್ಮೆ ಬೇಕು, ಇಲ್ಲವಾದರೆ ಎಣ್ಣೆಯಂಶದ ಆ ಬೀಜಕ್ಕೆ ಹುಳು ಬರುತ್ತದೆ, ಇಲಿಯೂ ಬಂದೀತು. ತುಂಬುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಒಳಚೀಲ ಒತ್ತು ನೇಯ್ಗೆಯದೇ ಆಗಿರಬೇಕು. ಹಳೆಯ ದಪ್ಪ ಬೆಡ್‌ಶೀಟ್ ಸಾಕು, ಸೀರೆ ಸಾಲದು. ಉಬ್ಬಸ ಇರುವವರ ಮನೆಯಲ್ಲಿ ಇದನ್ನು ಬಿಟ್ಟುಬಿಡುವುದೇ ಒಳ್ಳೆಯದು. ಕೆಲವು ವರ್ಷಕ್ಕೆ ಎಳೆ ಮುರಿದು ಪುಡಿಯಾಗುತ್ತದೆ, ಮತ್ತೆ ಹಿಂಜಿಸಿ ಬಳಸುವಂತಿಲ್ಲ.

ಅಂಗಡಿಯವರು ರೆಕ್ರಾನ್ ಎಂದೇ ಕರೆಯುವ ಪಾಲಿಯೆಸ್ಟರ್ ಫೈಬರ್ ಇವತ್ತು ಹೆಚ್ಚಿನ ಮನೆಗಳಿಗೆ ತಕ್ಕ ಆಯ್ಕೆ. ಬ್ರಾಂಡಿನ ಹೆಸರು ವಸ್ತುವಿನ ಹೆಸರಾಗಿಬಿಟ್ಟಿರುವುದರಿಂದ ಆ ಮಾತು ಕೇಳಿ ಮೋಸ ಹೋಗಬೇಡಿ. ಚೀಲದಲ್ಲಿರುವುದು ಯಾವುದೋ ಫೈಬರ್ ಇರಬಹುದು. ಪರೀಕ್ಷೆ ಸುಲಭ. ಒಂದು ಹಿಡಿ ಫೈಬರನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಸುಕಿ ಹತ್ತು ಎಣಿಸಿ ಬಿಡಿ. ಒಳ್ಳೆಯದು ಕೈಯಲ್ಲೇ ಅರಳಿಕೊಂಡು ಮೊದಲಿನ ಗಾತ್ರಕ್ಕೆ ಬರುತ್ತದೆ, ಮುಟ್ಟಲು ನುಣುಪಾಗಿರುತ್ತದೆ. ಮರುಬಳಕೆಯ ಅಗ್ಗದ ಸರಕು ಬೂದಿ ಬಣ್ಣಕ್ಕೆ ತಿರುಗಿರುತ್ತದೆ, ಒರಟಾಗಿರುತ್ತದೆ, ಹಿಸುಕಿದ ಮೇಲೆ ಉಂಡೆಯಾಗಿಯೇ ಉಳಿಯುತ್ತದೆ. 16 ಇಂಚಿನ ದಿಂಬಿಗೆ 400ರಿಂದ 500 ಗ್ರಾಂ ಹಿಡಿಯುತ್ತದೆ, ಐದಕ್ಕೆ ಎರಡೂವರೆ ಕಿಲೋ ತಂದರೆ ಕೊರತೆ ಬೀಳದು. ತೇವ ಹೀರುವುದಿಲ್ಲವಾದ್ದರಿಂದ ಕರಾವಳಿಗೆ ಇದೇ ಸರಿ, ಒಳಚೀಲದ ಸಮೇತ ಒಗೆದರೆ ಮಳೆಗಾಲದಲ್ಲೂ ಫ್ಯಾನಿನ ಕೆಳಗೆ ಒಣಗುತ್ತದೆ. ಬೇಸಿಗೆಯಲ್ಲಿ ಬೆನ್ನಿಗೆ ಕೊಂಚ ಬಿಸಿ ಎನಿಸುತ್ತದೆ ಎಂಬುದನ್ನು ಬಿಟ್ಟರೆ ಇದರ ಮೇಲೆ ದೊಡ್ಡ ದೂರಿಲ್ಲ.

ಫೋಮ್ ಚೂರು ಎಲ್ಲಕ್ಕಿಂತ ಅಗ್ಗವಾಗಿ ಸಿಕ್ಕಾಗ ಆಸೆಯಾಗುತ್ತದೆ. ಆದರೆ ಚೂರುಗಳು ಗವಸಿನ ಮೇಲೆ ಗಡ್ಡೆಗಡ್ಡೆಯಾಗಿ ಕಾಣುತ್ತವೆ, ನೀರು ಕುಡಿದರೆ ಒಣಗುವುದಿಲ್ಲ, ಕಾಲಕ್ರಮದಲ್ಲಿ ಹಳದಿಯಾಗಿ ಉದುರಲು ಶುರುವಾಗುತ್ತದೆ. ನಾನಿದನ್ನು ಶಿಫಾರಸು ಮಾಡುವುದಿಲ್ಲ. ಕಿಟಕಿ ಕಟ್ಟೆಯ ಮೇಲೆ ಕೂರುವ ಆಸನಕ್ಕಾದರೆ ಚೂರಿನ ಬದಲು ಇಡೀ ಫೋಮ್ ಹಾಳೆಯನ್ನೇ ಅಳತೆಗೆ ಕತ್ತರಿಸಿ ತರಬೇಕು. ಅದು ಬೇರೆ ಕೆಲಸ.

ಉಳಿದದ್ದು ಹಳೆಯ ಬಟ್ಟೆ. ಬನಿಯನ್, ಟೀ ಶರ್ಟು, ಮಕ್ಕಳ ಹರಿದ ಚಡ್ಡಿ ಎಲ್ಲವನ್ನೂ ಹೆಬ್ಬೆರಳಿನ ಅಗಲಕ್ಕೆ ಕತ್ತರಿಸಿ ತುಂಬಿದರೆ ಕಾಸಿನ ಖರ್ಚಿಲ್ಲದೆ ದಿಂಬಾಗುತ್ತದೆ. ಭಾರ ಮಾತ್ರ ವಿಪರೀತ. 16 ಇಂಚಿನದೇ ಒಂದು ಕಿಲೋ ಮೀರುತ್ತದೆ, ಸೋಫಾದಿಂದ ಸೋಫಾಕ್ಕೆ ಎಸೆದಾಡುವ ಮಕ್ಕಳ ಮನೆಗೆ ಇದು ಅಪಾಯ. ನೆಲದ ಮೇಲೆ ಗೋಡೆಗೆ ಇಡುವ ಲೋಡಿಗಾದರೆ ಈ ಭಾರವೇ ಅನುಕೂಲ, ಏಕೆಂದರೆ ಒರಗಿದರೂ ಜಾರುವುದಿಲ್ಲ. ನಡುವೆ ಬಟ್ಟೆ ಚೂರು ಇಟ್ಟು ಸುತ್ತ ಎರಡು ಬೆರಳು ದಪ್ಪಕ್ಕೆ ಫೈಬರ್ ಹೊದಿಸಿದರೆ, ಹಣವೂ ಅರ್ಧಕ್ಕಿಳಿಯುತ್ತದೆ, ಕೈಗೆ ಗಂಟೂ ಸಿಗುವುದಿಲ್ಲ. ತೀರಾ ಕಡಿಮೆ ದುಡ್ಡಿನವರಿಗೆ ನಾನು ಹೇಳುವ ಮಧ್ಯದ ದಾರಿ ಇದು.

ಯಾವ ಹೂರಣವಾದರೂ ಒಳಚೀಲ ಕಡ್ಡಾಯ. ಹಳೆಯ ಬೆಡ್‌ಶೀಟಿನ ಕಾಲ ಬಳಿ ಬರುವ ಭಾಗ ಸಾಮಾನ್ಯವಾಗಿ ಸವೆದಿರುವುದಿಲ್ಲ, ಅದನ್ನೇ ಬಳಸಬಹುದು. ಒಳಚೀಲವನ್ನು ಗವಸಿಗಿಂತ ಅರ್ಧ ಇಂಚಿನಿಂದ ಒಂದು ಇಂಚು ದೊಡ್ಡದಾಗಿ ಹೊಲಿದರೆ ದಿಂಬು ಉಬ್ಬಿ ಕಾಣುತ್ತದೆ. ತುಂಬುವಾಗ ಮೊದಲು ನಾಲ್ಕು ಮೂಲೆಗಳಿಗೆ ಬೆರಳಿನಿಂದ ಒತ್ತಿ ತುಂಬಬೇಕು, ಹೊಟ್ಟೆ ಆಮೇಲೆ. ಮನೆಯಲ್ಲಿ ಮಾಡಿದ ದಿಂಬನ್ನು ದೂರದಿಂದಲೇ ಗುರುತಿಸಬಹುದಾದದ್ದು ಅದರ ಮೂಲೆಯಿಂದ; ಖಾಲಿ ಉಳಿದ ಮೂಲೆಗಳು ಬೆಕ್ಕಿನ ಕಿವಿಯಂತೆ ನಿಮಿರಿ ನಿಲ್ಲುತ್ತವೆ. ಗವಸನ್ನು ಕತ್ತರಿಸುವಾಗಲೇ ಪ್ರತಿ ಮೂಲೆಯನ್ನು ಅರ್ಧ ಇಂಚು ಒಳಕ್ಕೆ ಓರೆಯಾಗಿ ಇಳಿಸಿದರೆ ಆ ಕಿವಿ ಏಳುವುದಿಲ್ಲ.

ಬಟ್ಟೆ

ಹಳೆಯ ಸೀರೆಗೆ ಸಮನಾದ ಅಗ್ಗದ ಬಟ್ಟೆ ಇಲ್ಲ. ಐದೂವರೆ ಮೀಟರ್ ಉದ್ದದ ಸೀರೆಯೆಂದರೆ ಸುಮಾರು 216 ಇಂಚು. ಒಂದು ಗವಸಿಗೆ ಹೊಲಿಗೆಯ ಅಂಚೂ ಸೇರಿ 17 ಇಂಚಿನ ಪಟ್ಟಿ ಸಾಕಾದರೆ ಕಾಗದದ ಮೇಲೆ ಹನ್ನೆರಡು ಗವಸು. ನಿಜದಲ್ಲಿ ಅಷ್ಟು ಸಿಗುವುದಿಲ್ಲ. ನೆರಿಗೆಯ ಕೆಳಭಾಗ ನೆಲಕ್ಕೆ ತಾಗಿ ಸವೆದಿರುತ್ತದೆ, ಸೊಂಟದ ಹತ್ತಿರ ಪಿನ್ನಿನ ತೂತುಗಳಿರುತ್ತವೆ. ಕತ್ತರಿಸುವ ಮುನ್ನ ಸೀರೆಯನ್ನು ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು ನೋಡಿ. ಜಾಳಾದ ಜಾಗ ತಾನಾಗಿ ಕಾಣುತ್ತದೆ. ಅರ್ಧ ಡಜನ್ ಗವಸು ಸಿಕ್ಕರೂ ಲಾಭವೇ. ತೆಳು ಸೀರೆಗೆ ಅಸ್ತರಿ ಬೇಕೇ ಬೇಕು. ಹಳೆಯ ಪಂಚೆ ಅದಕ್ಕೆ ಒಳ್ಳೆಯದು. ನೇರವಾಗಿ ಕತ್ತರಿಸಲು ಗೆರೆ ಎಳೆಯುವ ಬದಲು ಅಂಚಿನಿಂದ ಒಂದು ಎಳೆಯನ್ನು ಹಿಡಿದು ಮೆಲ್ಲಗೆ ಎಳೆದು ತೆಗೆಯಿರಿ. ಉಳಿಯುವ ಸಂದಿನ ಗುಂಟ ಕತ್ತರಿ ಆಡಿಸಿದರೆ ಚೌಕ ಎಂದೂ ಸೊಟ್ಟಗಾಗದು.

ಇಳಕಲ್ ಸೀರೆಯ ಚೆಲುವೆಲ್ಲ ದಡಿಯಲ್ಲೂ ಕೆಂಪು ಬಿಳಿಯ ತೋಪುತೆನೆ ಸೆರಗಿನಲ್ಲೂ ಇದೆ. ಒಡಲನ್ನೂ ಸೆರಗನ್ನೂ ಕೊಂಡಿ ಹಾಕಿ ಸೇರಿಸಿ ನೇಯುವುದು ಆ ಸೀರೆಯ ವಿಶೇಷ. ಆ ಕೊಂಡಿಯ ಗೆರೆ ಗವಸಿನ ಅಂಚಿನ ಹೊಲಿಗೆಗೆ ಬಾರದಂತೆ, ಮುಖದ ನಡುವೆ ಬರುವಂತೆ ಕತ್ತರಿಸಿದರೆ ಗಟ್ಟಿಯೂ ಹೌದು, ಚೆಂದವೂ ಹೌದು. ಒಡಲಿನ ಬಟ್ಟೆಯನ್ನು ಹಿಂಬದಿಗೆ ಇಟ್ಟುಕೊಳ್ಳಬಹುದು. ಹತ್ತಾರು ವರ್ಷ ಒಗೆದ ಸೀರೆಯಾಗಿದ್ದರೆ ಬಿಡಬೇಕಾದ ಬಣ್ಣವನ್ನೆಲ್ಲ ಅದು ಈಗಾಗಲೇ ಬಿಟ್ಟಿರುತ್ತದೆ. ಹೊಸ ಬಟ್ಟೆಗಿಂತ ಇದು ನಿಶ್ಚಿಂತೆ.

ರೇಷ್ಮೆ ಸೀರೆಯ ವಿಷಯದಲ್ಲಿ ಮಾತ್ರ ಕತ್ತರಿಯನ್ನು ಸ್ವಲ್ಪ ಹೊತ್ತು ಕೆಳಗಿಡಿ. ವರ್ಷಾನುಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟ ರೇಷ್ಮೆ ಆ ಮಡಿಕೆಯ ಗುಂಟವೇ ಬಿರಿಯುತ್ತದೆ, ಮೇಲ್ನೋಟಕ್ಕೆ ಗಟ್ಟಿ ಕಂಡದ್ದು ಒರಗಿದ ಮರುದಿನ ಸೀಳುತ್ತದೆ. ಅಜ್ಜಿಯ ಕಾಲದ ಸೀರೆಯಾದರೆ ಜರಿಯಲ್ಲಿ ನಿಜವಾದ ಬೆಳ್ಳಿ ಇದ್ದೀತು. ಹಳೆಯ ಜರಿ ಸೀರೆ ಕೊಳ್ಳುವವರಿಗೆ ತೋರಿಸಿದರೆ ಐದು ದಿಂಬಿನ ಖರ್ಚು ಕಳೆದು ಇನ್ನೂ ಉಳಿಯುವಷ್ಟು ಬರಬಹುದು. ಅಜ್ಜಿಯ ನೆನಪು ಬೇಕೆನ್ನುವವರು ದಡಿಯನ್ನು ನಾಲ್ಕು ಬೆರಳಗಲ ಬಿಡಿಸಿಕೊಂಡು ದಪ್ಪ ಹತ್ತಿ ಬಟ್ಟೆಯ ನಡುವೆ ಪಟ್ಟಿಯಾಗಿ ಹೊಲಿಯುವುದು ಮೇಲು. ಆಗ ಕೆನ್ನೆಗೆ ಜರಿ ಚುಚ್ಚುವ ಜಾಗವೂ ಕಡಿಮೆಯಾಗುತ್ತದೆ.

ನಮ್ಮ ಕಡೆಯ ಮನೆಗಳಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಭಂಡಾರವಿದೆ: ಅರಿಶಿನ ಕುಂಕುಮಕ್ಕೆ, ಉಡಿ ತುಂಬುವಾಗ, ಬಾಗಿನದ ಜತೆ ಬಂದ ಕುಪ್ಪಸದ ಬಟ್ಟೆಗಳು. ಒಂದು ಮನೆಯಿಂದ ಇನ್ನೊಂದಕ್ಕೆ ಸುತ್ತುತ್ತಲೇ ಇರುವ ಈ ಪೀಸುಗಳನ್ನು ಯಾರೂ ಹೊಲಿಸಿಕೊಳ್ಳುವುದಿಲ್ಲ. 80 ಸೆಂಟಿಮೀಟರ್ ಉದ್ದ, 36 ಇಂಚು ಅಗಲದ ಒಂದು ಪೀಸಿನಲ್ಲಿ ಎರಡು 17 ಇಂಚಿನ ಚೌಕಗಳು ಪಕ್ಕಪಕ್ಕ ಬಂದರೆ 16 ಇಂಚಿನ ಒಂದು ಗವಸು. ಕೆಳಗೆ ಉಳಿದ ಪಟ್ಟಿಯಲ್ಲಿ ಎರಡು 13 ಇಂಚಿನ ಚೌಕ ತೆಗೆದರೆ 12 ಇಂಚಿನ ಇನ್ನೊಂದು ಗವಸು. ಅಳತೆ ಕಟ್ಟುನಿಟ್ಟಾಗಿರಬೇಕು, ಒಗೆದು ಕುಗ್ಗಿಸಿದ ಮೇಲೆಯೇ ಕತ್ತರಿಸಬೇಕು. ಈ ಬಟ್ಟೆಗಳು ತೆಳುವಾದ್ದರಿಂದ ಒರಗುವ ದಿಂಬಿಗೆ ಅಸ್ತರಿ ಕೊಡಿ. ಬೇರೆ ಬೇರೆ ಬಣ್ಣದ ಐದು ಪೀಸು ಬೇಡವೆನಿಸಿದರೆ, ಎಲ್ಲಕ್ಕೂ ಹಿಂಬದಿ ಒಂದೇ ಬಣ್ಣದ್ದು ಇಟ್ಟರೆ ಗುಂಪು ಒಂದಾಗಿ ಕಾಣುತ್ತದೆ.

ಗುಳೇದಗುಡ್ಡದ ಖಣ ಇವುಗಳಲ್ಲೆಲ್ಲ ಹೆಚ್ಚು ಕಣ್ಣಿಗೆ ಹೊಡೆಯುವಂಥದ್ದು, ಎರಡು ಬದಿಯ ದಡಿ ಮತ್ತು ಪುಟ್ಟ ಬುಟ್ಟಾಗಳು ಚೌಕಕ್ಕೆಂದೇ ನೇಯ್ದಂತಿರುತ್ತವೆ. ಕುಪ್ಪಸಕ್ಕೆ ನೇಯುವ ಬಟ್ಟೆಯಾದ್ದರಿಂದ ಅಗಲ ಕಡಿಮೆ, ಬೆಲೆ ಹೆಚ್ಚು. ಮುಂಬದಿಗೆ ಮಾತ್ರ ಖಣ, ಹಿಂಬದಿಗೆ ಸಾದಾ ಹತ್ತಿ ಎಂದು ಒಗ್ಗೂಡಿಸಿದರೆ ಖರ್ಚು ಹಿಡಿತದಲ್ಲಿರುತ್ತದೆ. ಪಾಲಿಯೆಸ್ಟರ್ ನೂಲಿನ ಖಣವೂ ಮಾರುಕಟ್ಟೆಯಲ್ಲಿದೆ. ಅಸಲಿ ಕೈಮಗ್ಗದ್ದೇ ಬೇಕೆಂಬ ಹಟವಿದ್ದರೆ ಅದು ನೋಡುವ ದಿಂಬಿಗೆ. ಮಕ್ಕಳು ಹತ್ತಿ ಇಳಿಯುವ ಸೋಫಾಕ್ಕೆ ಪಾಲಿಯೆಸ್ಟರಿನದ್ದೇ ಜಾಣತನ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಹೊಸ ಬಟ್ಟೆ ಕೊಳ್ಳುವುದಾದರೆ ಕೈಮಗ್ಗದ ದಪ್ಪ ಹತ್ತಿ ಅಥವಾ ಖಾದಿ ಹೆಚ್ಚು ಬಾಳುತ್ತದೆ. ಸರ್ಕಾರಿ ಪ್ರಿಯದರ್ಶಿನಿ ಮಳಿಗೆಗಳಲ್ಲೂ ಖಾದಿ ಭಂಡಾರಗಳಲ್ಲೂ ರಿಯಾಯಿತಿಯ ದಿನಗಳನ್ನು ನೋಡಿಕೊಂಡು ಹೋದರೆ ಅನುಕೂಲ. ಚಿಕ್ಕಪೇಟೆಯಂಥ ಕಡೆ ಪರದೆ ಬಟ್ಟೆಯ ತುಂಡುಗಳು ತೂಕದ ಲೆಕ್ಕದಲ್ಲೋ ರಾಶಿಯಲ್ಲೋ ಸಿಗುತ್ತವೆ. ಪರದೆ ಬಟ್ಟೆ ದಪ್ಪ, ಅಸ್ತರಿ ಬೇಡ, ಸುಕ್ಕಾಗುವುದಿಲ್ಲ. ಹೊಸ ಹತ್ತಿ ಬಟ್ಟೆ ಯಾವುದೇ ಆಗಲಿ, ಕತ್ತರಿಸುವ ಮೊದಲು ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಒಣಗಿಸಿ. ಒದ್ದೆ ಮಾಡಿದ ಬಿಳಿ ಕರವಸ್ತ್ರದಿಂದ ಒಂದು ಮೂಲೆಯನ್ನು ಉಜ್ಜಿ ನೋಡಿದರೆ ಬಣ್ಣ ಬಿಡುವುದೂ ತಿಳಿಯುತ್ತದೆ. ಜೀನ್ಸ್ ಗಟ್ಟಿ, ಕೊಳೆ ಕಾಣದು, ಹುಡುಗರ ಕೋಣೆಗೆ ಹೊಂದುತ್ತದೆ; ಆದರೆ ಯಂತ್ರಕ್ಕೆ 16 ಅಥವಾ 18ನೇ ನಂಬರಿನ ಸೂಜಿ ಹಾಕಿಕೊಳ್ಳಿ, ಮಾಮೂಲಿ 14ರ ಸೂಜಿ ದಪ್ಪ ಮಡಿಕೆಯಲ್ಲಿ ಪಟ್ಟೆಂದು ಮುರಿಯುತ್ತದೆ.

ಗವಸಿನ ಬಾಯಿ

ಇಲ್ಲಿ ಇರುವುದು ಮುಖ್ಯವಾಗಿ ಎರಡೇ ದಾರಿ. ಮೊದಲನೆಯದು ಲಕೋಟೆಯ ಮಾದರಿ: ಹಿಂಬದಿಯ ಎರಡು ತುಂಡುಗಳು ಒಂದರ ಮೇಲೊಂದು ಹತ್ತಿ ಕೂರುತ್ತವೆ, ಜಿಪ್ಪೂ ಬೇಡ ಗುಂಡಿಯೂ ಬೇಡ. ಮುಂಬದಿಗೆ 17 ಇಂಚಿನ ಚೌಕ, ಹಿಂಬದಿಗೆ 17ಕ್ಕೆ 12 ಇಂಚಿನ ಎರಡು ತುಂಡು ಕತ್ತರಿಸಿ. ಹಿಂಬದಿಯ ಪ್ರತಿ ತುಂಡಿನ ಒಂದು ಉದ್ದದ ಅಂಚನ್ನು ಒಂದು ಇಂಚು ಮಡಚಿ ಹೊಲಿದರೆ ತಲಾ 11 ಇಂಚು ಉಳಿಯುತ್ತದೆ, ಎರಡೂ ಸೇರಿ ನಡುವೆ 5 ಇಂಚು ಒಂದರ ಮೇಲೊಂದು ಬರುತ್ತದೆ. ಇದಕ್ಕಿಂತ ಕಡಿಮೆ ಇಟ್ಟರೆ ದಿಂಬು ಉಬ್ಬಿದಾಗ ಬಾಯಿ ಬಿಟ್ಟುಕೊಂಡು ಒಳಚೀಲ ಇಣುಕುತ್ತದೆ. ಕೈ ಹೊಲಿಗೆಯವರಿಗೂ ಹೊಸದಾಗಿ ಯಂತ್ರ ತುಳಿಯಲು ಕಲಿತವರಿಗೂ ಇದೇ ಸರಿ.

ಎರಡನೆಯದು ಜಿಪ್. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಚೈನನ್ನು ತಂದು ರನ್ನರ್‌ಗಳನ್ನು ಬೇರೆ ಕೊಂಡರೆ, ಬಿಡಿ ಜಿಪ್ಪಿಗಿಂತ ಬಹಳ ಅಗ್ಗ. ಎರಡರ ನಡುವೆ ಆರಿಸಲು ನಿರ್ಣಾಯಕವಾದದ್ದು ಬಟ್ಟೆಯ ಅಗಲ, ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. 44 ಇಂಚು ಅಗಲದ ಬಟ್ಟೆಯಲ್ಲಿ ಲಕೋಟೆ ಮಾದರಿಯ ಮೂರೂ ತುಂಡುಗಳು, ಅಂದರೆ 17, 12 ಮತ್ತು 12, ಒಟ್ಟು 41 ಇಂಚು, ಒಂದೇ ಪಟ್ಟಿಯಲ್ಲಿ ಮುಗಿಯುತ್ತವೆ. ಅಲ್ಲಿ ಜಿಪ್ ಹಾಕಿದರೆ ಬಟ್ಟೆಯೇನೂ ಉಳಿತಾಯವಾಗದು, ಹತ್ತು ಇಂಚಿನ ಚೂರೊಂದು ಬರಿದೆ ಬೀಳುತ್ತದೆ. 36 ಇಂಚಿನ ಅಗಲದಲ್ಲಾದರೋ ಲಕೋಟೆ ಮಾದರಿ ಹಿಡಿಸುವುದಿಲ್ಲ, ಎರಡು 17ರ ಚೌಕಗಳು ಸರಿಯಾಗಿ ಕೂರುತ್ತವೆ. ಆದ್ದರಿಂದ ಜಿಪ್ಪೇ ಉಚಿತ. ಐದು ಗವಸಿಗೆ 44ರ ಅಗಲದ ಬಟ್ಟೆ ಕುಗ್ಗುವಿಕೆಯನ್ನೂ ಸೇರಿಸಿ ಎರಡೂವರೆ ಮೀಟರ್ ಸಾಕು. ಗುಂಡಿ, ಕಟ್ಟುವ ದಾರ, ವೆಲ್ಕ್ರೋ ಎಲ್ಲವೂ ಇವೆ. ವೆಲ್ಕ್ರೋ ಒಗೆತದಲ್ಲಿ ಬೇರೆ ಬಟ್ಟೆಯ ಎಳೆಗಳನ್ನೆಲ್ಲ ಕಿತ್ತು ಹಿಡಿದುಕೊಳ್ಳುತ್ತದೆ, ಅದು ಬೇಡ.

ಅಲಂಕಾರ

ಕಸೂತಿಯ ಆಸೆ ಇರುವವರು ದಿಂಬಿನ ಮೇಲೆ ಕಲಿಯುವುದು ಒಳ್ಳೆಯದು, ಸೀರೆಯಷ್ಟು ದೊಡ್ಡದಲ್ಲ, ಒಂದು ಮೂಲೆ ಮುಗಿಸಿದರೂ ಶೋಭೆ. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ, ಎರಡೂ ಬದಿಗೆ ಒಂದೇ ಥರ ಕಾಣುವ ಗೆರೆಯ ಹೊಲಿಗೆಯಾದ ಗವಂತಿಯಿಂದ ಶುರು ಮಾಡಿ. ಎಳೆ ಎಣಿಸಿ ಹೊಲಿಯುವ ಕೆಲಸವಾದ್ದರಿಂದ ಎಳೆ ಕಣ್ಣಿಗೆ ಕಾಣುವ ಕೈಮಗ್ಗದ ಬಟ್ಟೆಯೇ ಬೇಕು. ಒತ್ತು ನೇಯ್ಗೆಯ ಮಿಲ್ ಬಟ್ಟೆಯಲ್ಲಾದರೆ ಮೇಲೆ ಜಾಳಿನ ಬಟ್ಟೆ ಇಟ್ಟು ಹೊಲಿದು ಆಮೇಲೆ ಅದರ ಎಳೆಗಳನ್ನು ಎಳೆದು ತೆಗೆಯಬೇಕು. ದುಡ್ಡು ಕಡಿಮೆ, ಸಮಯ ಅಪಾರ. ಕಸೂತಿ ಎಷ್ಟು ಚೆಂದವಿದ್ದರೂ ಐದಕ್ಕೆ ಐದೂ ಬೇಡ. ಒಂದರ ಮೇಲೆ ಗೋಪುರವೋ ಆನೆಯೋ ಇರಲಿ, ಉಳಿದ ನಾಲ್ಕು ಸಾದಾ ಇರಲಿ.

ಸಮಯ ಕಡಿಮೆ ಇದ್ದವರಿಗೆ ಕೌದಿಯ ದಾರಿ ಇದೆ. ಉತ್ತರ ಕರ್ನಾಟಕದ ಅಜ್ಜಿಯರು ಹರಕು ಸೀರೆಯ ಪದರಗಳನ್ನು ಒಂದರ ಮೇಲೊಂದು ಇಟ್ಟು ಸಾಲು ಸಾಲಾಗಿ ಕೈ ಹೊಲಿಗೆ ಹಾಕುವಂತೆ, ಗವಸಿನ ಮುಖಕ್ಕೆ ಎರಡು ಪದರ ಇಟ್ಟು ಅರ್ಧ ಇಂಚಿಗೊಂದು ಸಾಲು ಎಳೆದರೆ ಅಸ್ತರಿಯೂ ಆಯಿತು, ಅಲಂಕಾರವೂ ಆಯಿತು, ಸವೆದ ಬಟ್ಟೆಗೆ ಬಲವೂ ಬಂತು. ನಾಲ್ಕು ಲಾಭ ಒಂದೇ ದಾರದಲ್ಲಿ ಎನ್ನಬೇಕು, ಏಕೆಂದರೆ ಹೊಲಿಗೆ ಸ್ವಲ್ಪ ಸೊಟ್ಟಗಾದರೂ ಕೌದಿಯಲ್ಲಿ ಅದು ತಪ್ಪೆನಿಸುವುದಿಲ್ಲ. ಸಂಡೂರಿನ ಲಂಬಾಣಿ ಕಸೂತಿಯ ತುಂಡು ಕೈಗೆ ಸಿಕ್ಕರೆ ಅದನ್ನು ಅಂಚಿನಲ್ಲಿ ಬಳಸಿ. ನಡುವೆ ಕನ್ನಡಿ ಬಂದರೆ ಒರಗುವಂತಿಲ್ಲ.

ಯಾರು ಹೊಲಿಯಬೇಕು, ಎಷ್ಟು ಬೀಳುತ್ತದೆ

ನನ್ನ ಕೊನೆಯ ಲೆಕ್ಕವನ್ನು ಮುಂದಿಡುತ್ತೇನೆ, ನಿಮ್ಮೂರಿನ ದರ ಬೇರೆ ಇರಬಹುದು. ಫೈಬರ್ ಕಿಲೋಗೆ 180 ರೂಪಾಯಿಯಂತೆ ಎರಡೂವರೆ ಕಿಲೋಗೆ 450, ಚೈನು ಮತ್ತು ರನ್ನರ್‌ಗೆ 60, ದಾರಕ್ಕೆ 20. ಸೀರೆ, ಬೆಡ್‌ಶೀಟ್ ಮನೆಯವೇ. ಐದು ದಿಂಬಿಗೆ 530 ರೂಪಾಯಿ, ಒಂದಕ್ಕೆ 106. ಮೀಟರಿಗೆ 140ರ ಹೊಸ ಬಟ್ಟೆ ಎರಡೂವರೆ ಮೀಟರ್ ತಂದಿದ್ದರೆ ಇನ್ನೂ 350 ಸೇರಿ 880 ಆಗುತ್ತಿತ್ತು, ಒಂದಕ್ಕೆ 176. ದರ್ಜಿಗೆ ಕೊಟ್ಟಿದ್ದರೆ ಗವಸಿಗೆ 60ರಂತೆ ಮತ್ತೆ 300.

ಈ ಅಂಕಿಗಳನ್ನು ಮುಂದಿಟ್ಟುಕೊಂಡು ಒಂದು ಕಹಿ ಮಾತನ್ನೂ ಹೇಳಬೇಕು. ಬಟ್ಟೆಯನ್ನೂ ಕೊಂಡು, ಕೂಲಿಯನ್ನೂ ಕೊಟ್ಟು ಮಾಡಿಸುವ ಗವಸಿಗಿಂತ ಅಂಗಡಿಯಲ್ಲಿ ಐದರ ಕಟ್ಟಿನಲ್ಲಿ ಸಿಗುವ ಮುದ್ರಿತ ಗವಸು ಅನೇಕ ಸಲ ಅಗ್ಗವಾಗಿಯೇ ಸಿಗುತ್ತದೆ. ಬರೀ ಉಳಿತಾಯವೇ ಗುರಿಯಾಗಿ, ಮನೆಯಲ್ಲಿ ಬಟ್ಟೆಯೂ ಇಲ್ಲ ಯಂತ್ರವೂ ಇಲ್ಲವೆಂದಾದರೆ, ಗವಸನ್ನು ಕೊಂಡು ಒಳಚೀಲವನ್ನು ಮಾತ್ರ ಮನೆಯಲ್ಲಿ ಹೊಲಿದು ತುಂಬಿ. ನಾಲ್ಕು ಬದಿಯ ಸಾದಾ ಹೊಲಿಗೆ, ಕೈಯಿಂದಲೇ ಒಂದು ಸಂಜೆಯ ಕೆಲಸ. ಬಟ್ಟೆ ಮನೆಯಲ್ಲಿದ್ದು ಯಂತ್ರವಿಲ್ಲದವರು ದರ್ಜಿಯ ಬಳಿ ಹೋಗುವಾಗ ತುಂಡುಗಳನ್ನು ತಾವೇ ಕತ್ತರಿಸಿ, ಗುರುತು ಹಾಕಿ, ಜೋಡಿ ಮಾಡಿ ಕೊಟ್ಟರೆ ಕೂಲಿಯಲ್ಲಿ ಚೌಕಾಸಿ ಮಾಡಲು ಬಾಯಿ ಬರುತ್ತದೆ. ಅದರ ಜತೆ, ಸೆರಗಿನ ಯಾವ ಭಾಗ ಎಲ್ಲಿ ಬರಬೇಕೆಂಬುದೂ ನಿಮ್ಮ ಕೈಯಲ್ಲೇ ಉಳಿಯುತ್ತದೆ.

ಬಾಡಿಗೆ ಮನೆಯಿಂದ ಮನೆಗೆ ಹೋಗುವ ಯುವ ದಂಪತಿಗಳಾದರೆ ಐದನ್ನೂ ಒಟ್ಟಿಗೆ ಮಾಡದೆ ಮೊದಲು ಎರಡು ಮಾಡಿ, ಫೈಬರ್ ತುಂಬಿ, ಪರದೆ ಬಟ್ಟೆಯ ಲಕೋಟೆ ಗವಸು ಹಾಕಿ. ಮೊಮ್ಮಕ್ಕಳು ರಜೆಗೆ ಬರುವ ದೊಡ್ಡ ಮನೆಗೆ, ಪ್ರತಿ ದಿಂಬಿಗೂ ಎರಡು ಜತೆ ಗವಸು ಬೇಕು. ಒಂದು ಕುಪ್ಪಸದ ಪೀಸಿನ ಅಗ್ಗದ ಜತೆ ನಿತ್ಯಕ್ಕೆ, ಇನ್ನೊಂದು ಇಳಕಲ್ ಸೆರಗಿನದು ದಸರೆಗೂ ದೀಪಾವಳಿಗೂ. ವಿಜಯಪುರ, ಕಲಬುರಗಿಯ ಕಡೆಯವರು ಮನೆಯ ಹಳೆಯ ಗಾದಿಯ ಹತ್ತಿಯನ್ನು ಹಿಂಜಿಸಿ ಬಳಸಲು ಹಿಂಜರಿಯಬೇಕಿಲ್ಲ. ಶಿರಸಿಯವರೂ ಕುಂದಾಪುರದವರೂ ಅದೇ ಕೆಲಸ ಮಾಡಿದರೆ ಆಷಾಢ ಮುಗಿಯುವುದರೊಳಗೆ ದಿಂಬಿಗೆ ಬೂಷ್ಟು ಬಂದಿರುತ್ತದೆ. ಅವರು ಫೈಬರನ್ನೇ ತರಲಿ, ಗವಸಿಗೆ ಮಾತ್ರ ಹತ್ತಿ ಇಟ್ಟುಕೊಳ್ಳಲಿ.